ಎರಡನೆಯ ಪ್ರತಿ ಎಲ್ಲಿ?

ಎರಡು ಗಂಟೆಯಲ್ಲಿ ಲಿನೊಕಟ್. ಒಂದು ವಾರಾಂತ್ಯದಲ್ಲಿ ಕೊಲಾಜ್. ಪೂರ್ವಾನುಭವ ಬೇಕಿಲ್ಲ, ಸಾಮಾನಿನ ಪೆಟ್ಟಿಗೆ ಮನೆ ಬಾಗಿಲಿಗೇ ಬರುತ್ತದೆ, ತರಗತಿ ಮುಗಿಯುವಷ್ಟರಲ್ಲಿ ಗೋಡೆಗೆ ತೂಗುಹಾಕಬಹುದಾದ ಚಿತ್ರವೊಂದು ನಿಮ್ಮ ಕೈಯಲ್ಲಿರುತ್ತದೆ. ಆನ್‌ಲೈನ್ ಕಲಾ ತರಗತಿಗಳ ಜಾಹೀರಾತುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತವರ ಕೈಗೆ ಒಂದು ಕೆಲಸ ಕೊಟ್ಟ ಇಂಥ ತರಗತಿಗಳು ಲಾಕ್‌ಡೌನ್ ಹೋದ ಮೇಲೂ ಉಳಿದುಕೊಂಡಿವೆ. ಉಳಿಯಲಿ. ಅವು ಮುಚ್ಚಿಹೋಗಬೇಕೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಅಚ್ಚುಕಲೆ ಕಲಿಸುತ್ತೇವೆ ಎಂದು ಹೇಳಿ ಅದರ ಪ್ರಾಣವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಲಿಸುತ್ತಾರೆ. ಕೊಲಾಜ್ ಕಲಿಸುತ್ತೇವೆ ಎಂದು ಹೇಳಿ ಕಾಗದ ಮಾರುತ್ತಾರೆ. ನಾವು ಅದನ್ನು ಕಲಿಕೆ ಎಂದು ನಂಬಿ ದುಡ್ಡು ಕೊಡುತ್ತೇವೆ.

ಅಚ್ಚುಕಲೆಯ ಪ್ರಾಣ ಇರುವುದು ಎರಡನೆಯ ಪ್ರತಿಯಲ್ಲಿ.

ಕನ್ನಡದಲ್ಲಿ ಉಳಿ ಎಂದರೆ ಕೊರೆಯುವ ಸಾಧನ. ಉಳಿ ಎಂದರೆ ಬಾಕಿಯಾಗು ಎಂದೂ ಹೌದು. ಲಿನೊಕಟ್ಟಿನ ಇಡೀ ತತ್ವ ಈ ಎರಡು ಉಳಿಗಳ ನಡುವೆ ಇದೆ. ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಜಾಗವನ್ನೆಲ್ಲ ಕೊರೆದು ತೆಗೆಯುತ್ತೇವೆ. ಬಾಕಿಯಾದ ಉಬ್ಬಿನ ಮೇಲೆ ರೋಲರಿನಿಂದ ಶಾಯಿ ಸವರಿ, ಕಾಗದವಿಟ್ಟು, ಚಮಚದ ಬೆನ್ನಿನಿಂದ ಉಜ್ಜಿ, ಒಂದು ತುದಿಯಿಂದ ಮೆಲ್ಲಗೆ ಎತ್ತುತ್ತೇವೆ. ಆಗ ಕೈಗೆ ಬರುವುದನ್ನು ಚಿತ್ರ ಎನ್ನುವುದಕ್ಕಿಂತ ವರದಿ ಎನ್ನುವುದು ಸರಿ. ಎಲ್ಲಿ ಶಾಯಿ ಕಡಿಮೆಯಾಯಿತು, ಎಲ್ಲಿ ಹೆಚ್ಚಾಗಿ ಸಣ್ಣ ಗೆರೆಗಳನ್ನು ತುಂಬಿಬಿಟ್ಟಿತು, ಎಲ್ಲಿ ಉಜ್ಜುವ ಕೈ ಸೋತಿತು, ಕೊರೆಯದೆ ಬಿಟ್ಟ ಯಾವ ದಿಬ್ಬ ಬೇಡದ ಗೀರಾಗಿ ಮೂಡಿತು ಎಂಬುದರ ವರದಿ ಅದು. ಮುದ್ರಣಾಲಯಗಳಲ್ಲಿ ಇದಕ್ಕೆ ಕರಡಚ್ಚು ಎಂಬ ಒಳ್ಳೆಯ ಹೆಸರಿದೆ. ಕರಡಚ್ಚನ್ನು ಓದಬೇಕು, ಹಾಳೆಯನ್ನು ತಿದ್ದಬೇಕು, ಮತ್ತೆ ಒತ್ತಬೇಕು. ಮೂರನೆಯದೋ ನಾಲ್ಕನೆಯದೋ ಸರಿ ಎನಿಸಿದಾಗ ಅದನ್ನು ಮಾದರಿಯಾಗಿ ಪಕ್ಕಕ್ಕಿಟ್ಟು ಅದರಂತೆಯೇ ಹತ್ತೋ ಇಪ್ಪತ್ತೋ ಪ್ರತಿ ತೆಗೆಯಬೇಕು. ಪ್ರತಿಯ ಕೆಳಗೆ ಪೆನ್ಸಿಲಿನಲ್ಲಿ 3/20 ಎಂದು ಬರೆಯುವುದು ಅಲಂಕಾರಕ್ಕಲ್ಲ. ಇದು ಇಪ್ಪತ್ತರಲ್ಲಿ ಮೂರನೆಯದು, ಇದರ ಒಡಹುಟ್ಟಿದವು ಇನ್ನೂ ಹತ್ತೊಂಬತ್ತು ಎಲ್ಲೋ ಇವೆ ಎಂದು ಅದು ಹೇಳುತ್ತದೆ.

ಈಗ ಎರಡು ಗಂಟೆಯ ತರಗತಿಯನ್ನು ನೋಡಿ. ಆರಂಭದ ಇಪ್ಪತ್ತು ನಿಮಿಷ ಪರಿಚಯ. ಒಂದು ಗಂಟೆ ಕೊರೆತ. ಆಮೇಲೆ ಶಾಯಿ, ಕಾಗದ, ಉಜ್ಜುವುದು. ಕೊನೆಯ ಐದು ನಿಮಿಷಗಳಲ್ಲಿ ಎಲ್ಲರೂ ತಂತಮ್ಮ ಮೊದಲ ಕರಡಚ್ಚನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾರೆ. ಸ್ಕ್ರೀನ್‌ಶಾಟ್. ಚಪ್ಪಾಳೆಯ ಇಮೋಜಿ. ಮುಗಿಯಿತು. ಕಲಿಕೆ ಎಲ್ಲಿ ಶುರುವಾಗಬೇಕಿತ್ತೋ ಅಲ್ಲಿಗೆ ಸರಿಯಾಗಿ ತರಗತಿ ಮುಗಿಯುತ್ತದೆ. ಹಾಗೆ ಮುಗಿಸುವುದಕ್ಕೆ ಕಾರಣವಿದೆ. ಮುಂದಿನ ತಂಡದ ಜಾಹೀರಾತಿಗೆ ಬೇಕಾಗಿರುವುದು ನಗುಮುಖದ ಪಕ್ಕದಲ್ಲಿರುವ ಆ ಮೊದಲ ಪ್ರತಿಯ ಫೋಟೋ. ಎರಡನೆಯ ಪ್ರತಿ ಮೊದಲನೆಯದರ ಹಾಗೆಯೇ ಕಾಣುತ್ತದೆ. ಫೋಟೋದಲ್ಲಿ ಅದಕ್ಕೆ ಬೆಲೆಯಿಲ್ಲ. ನಾಲ್ಕು ಸಲ ಕೆಟ್ಟು ಐದನೆಯ ಸಲ ಸರಿಬಂದ ಕೈಯನ್ನು ಯಾವ ರೀಲ್ಸೂ ತೋರಿಸಲಾರದು.

ಈ ಮಾತು ಅರ್ಥವಾಗಲು ನಮಗೆ ದೊಡ್ಡ ಕಲಾ ಇತಿಹಾಸ ಬೇಡ. ಹಳೆಮೈಸೂರಿನ ಕಡೆಯ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವುದನ್ನು ನೋಡಿದವರಿಗೆ ಇದು ಗೊತ್ತು. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಪಾಕ ಹೊಯ್ದು, ಆರಿದ ಮೇಲೆ ಬಿಡಿಸುತ್ತಾರೆ. ಮೊದಲ ಸಲ ಬಿಡಿಸುವಾಗ ಆನೆಯ ಸೊಂಡಿಲು ಮುರಿದರೆ ಅದು ಮಕ್ಕಳ ಬಾಯಿಗೆ. ಪಾಕದ ಹದ ತಿದ್ದಿ ಮತ್ತೆ ಹೊಯ್ಯುತ್ತಾರೆ. ಒಂದೇ ಒಂದು ಸಕ್ಕರೆ ಗಿಣಿಗಾಗಿ ಯಾರೂ ಮರ ಕೆತ್ತಿಸುವುದಿಲ್ಲ, ಒಂದೇ ಮನೆಗೆ ಯಾರೂ ಎಳ್ಳು ಬೀರುವುದಿಲ್ಲ. ಅಚ್ಚು ಎಂಬ ಮಾತಿನೊಳಗೇ ಬಹುವಚನವಿದೆ, ಹಂಚಿಕೆಯಿದೆ. ಒಂದೇ ಪ್ರತಿ ತೆಗೆದು ಫ್ರೇಮ್ ಹಾಕಿಸುವುದಾದರೆ ಅಷ್ಟು ಕಷ್ಟಪಟ್ಟು ಕೊರೆಯುವುದೇಕೆ? ಬ್ರಷ್ಷಿನಲ್ಲಿ ಬರೆದರಾಯಿತು.

ಇನ್ನು ಎದುರು ಬದಿಯವರ ಮಾತು. ಕಲಾಶಾಲೆಗಳ ಸುತ್ತ ಒಂದು ಗೊಣಗಾಟ ಕೇಳಿಬರುತ್ತದೆ: ಪ್ರೆಸ್ಸಿಲ್ಲದೆ, ಗುರುವಿಲ್ಲದೆ, ಶಾಯಿಯ ವಾಸನೆಯಿಲ್ಲದೆ ಅಚ್ಚುಕಲೆ ಕಲಿಯುವುದೆಂದರೆ ಕಾಗದದ ಮೇಲೆ ಈಜು ಕಲಿತಂತೆ. ಕೇಳಲು ಚೆನ್ನಾಗಿದೆ. ಆದರೆ ಈ ಮಾತನ್ನು ಯಾರಿಗೆ ಹೇಳುತ್ತಿದ್ದೇವೆ ಎಂದು ಯೋಚಿಸಬೇಕು. ಮೈಸೂರಿನಲ್ಲಿ ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ, ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆ ಇದೆ. ಲಿಂಗಸುಗೂರಿನ ಹುಡುಗ, ಕುಂದಾಪುರದಲ್ಲಿ ಬ್ಯಾಂಕ್ ಕೆಲಸ ಮಾಡುವವಳು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ತನ್ನ ಸಮಯ ಎನ್ನಬಲ್ಲ ಗೃಹಿಣಿ ವರ್ಷಗಟ್ಟಲೆಯ ಪದವಿಗೆ ಎಲ್ಲಿಗೆ ಹೋಗಬೇಕು? ಅವರಿಗೆ ಪರದೆಯೇ ಬಾಗಿಲು. ಆ ಬಾಗಿಲನ್ನು ಹಾಕಿ ಎನ್ನುವವರಿಗೆ ತಮ್ಮ ಮನೆಯ ಬಾಗಿಲು ಸುಲಭವಾಗಿ ತೆರೆದಿತ್ತು ಎಂಬುದು ನೆನಪಿದ್ದರೆ ಸಾಕು.

ದೂರದಿಂದ ಕಲಿಯುವುದು ಲಿನೊಕಟ್ಟಿಗೆ ಹೊಸದೂ ಅಲ್ಲ. ಲಂಡನ್ನಿನ ಗ್ರಾಸ್ವೆನರ್ ಸ್ಕೂಲ್‌ನಲ್ಲಿ ಕಲಿಸುತ್ತಿದ್ದ ಕ್ಲಾಡ್ ಫ್ಲೈಟ್ 1927ರಲ್ಲಿ ಲಿನೊಕಟ್ಟಿನ ಬಗ್ಗೆ ಒಂದು ಕೈಪಿಡಿ ಬರೆದ. ದುಬಾರಿ ಸಲಕರಣೆ ಬೇಡ, ಛತ್ರಿಯ ಕಡ್ಡಿಯಿಂದಲೂ ಉಳಿ ಮಾಡಿಕೊಳ್ಳಬಹುದು ಎನ್ನುವ ಮನುಷ್ಯ ಆತ. ಸಿನಿಮಾ ಟಿಕೆಟ್ಟಿನ ಬೆಲೆಗೆ ಒಂದು ಲಿನೊಕಟ್ ಸಾಮಾನ್ಯರ ಮನೆಗೆ ಹೋಗಬೇಕೆಂಬುದು ಅವನ ಆಸೆ. ಆ ಪುಸ್ತಕ ಸಮುದ್ರ ದಾಟಿ ಆಸ್ಟ್ರೇಲಿಯಾದ ಮೆಲ್ಬರ್ನ್ ತಲುಪಿತು. ಅದನ್ನು ಕಂಡ ಎವೆಲಿನ್ ಸೈಮ್ ಮತ್ತು ಅವಳ ಗೆಳತಿ ಎಥೆಲ್ ಸ್ಪವರ್ಸ್ ಲಂಡನ್ನಿಗೇ ಹೋಗಿ ಫ್ಲೈಟ್‌ನ ಬಳಿ ಕಲಿತು, ಮರಳಿ ಬಂದು ತಮ್ಮ ನೆಲದ ಚಿತ್ರಗಳನ್ನು ಅಚ್ಚು ಹಾಕಿದರು. ಒಂದು ಕೈಪಿಡಿ ಮಾಡಬಹುದಾದ ಕೆಲಸ ಇದು. ಅದು ಓದುಗರನ್ನು ತನ್ನಲ್ಲೇ ಕೂರಿಸಿಕೊಳ್ಳಲಿಲ್ಲ, ಕಾರ್ಯಾಗಾರದ ಕಡೆಗೆ ಎಬ್ಬಿಸಿ ಕಳಿಸಿತು. ಆನ್‌ಲೈನ್ ತರಗತಿಗೂ ಇದೇ ಅಳತೆಗೋಲು. ಅದು ನಿಮ್ಮನ್ನು ಎಬ್ಬಿಸುತ್ತಿದೆಯೋ, ಮುಂದಿನ ತರಗತಿಗೆ ಚಂದಾದಾರರನ್ನಾಗಿ ಕೂರಿಸುತ್ತಿದೆಯೋ?

ಪರದೆಯ ಮಿತಿಗಳು ನಿಜ. ಆದರೆ ನಾವು ಸಾಮಾನ್ಯವಾಗಿ ಹೇಳುವ ಮಿತಿಗಳು ಬೇರೆ, ನಿಜವಾದವು ಬೇರೆ. ಶಾಯಿಯ ಉದಾಹರಣೆ ತೆಗೆದುಕೊಳ್ಳಿ. ಗಾಜಿನ ಮೇಲೆ ಶಾಯಿ ಸುರಿದು ರೋಲರ್ ಓಡಿಸುವಾಗ ಅದರ ಹದ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಹೆಚ್ಚಿದ್ದರೆ ಪಚಪಚ ಎನ್ನುತ್ತದೆ. ಹದವಾದಾಗ ಒಗ್ಗರಣೆಯ ಕೊನೆಗೆ ಬರುವಂಥ ಸಣ್ಣ ಚಿರ್ ಎಂಬ ಸದ್ದು. ವಿಡಿಯೊ ಕರೆಯ ತಂತ್ರಾಂಶಗಳು ಮನುಷ್ಯರ ಮಾತನ್ನು ಉಳಿಸಿ ಇಂಥ ಸದ್ದನ್ನು ಗದ್ದಲವೆಂದು ಭಾವಿಸಿ ಅಳಿಸಿಹಾಕುತ್ತವೆ. ಶಿಕ್ಷಕರು ರೋಲರ್ ಓಡಿಸುತ್ತಲೇ ಇರುತ್ತಾರೆ, ನಮಗೆ ಕೇಳುವುದು ಮೌನ. ಇದನ್ನು ಸರಿಪಡಿಸುವುದು ಕಷ್ಟವೇನಲ್ಲ. ಶಬ್ದ ಶೋಧಿಸುವ ಆ ಆಯ್ಕೆಯನ್ನು ಆರಿಸಿ, ಮೈಕನ್ನು ಗಾಜಿನ ಹತ್ತಿರ ಇಟ್ಟರೆ ಬಹುಪಾಲು ಸಾಕು. ಎಷ್ಟು ತರಗತಿಗಳಲ್ಲಿ ಶಿಕ್ಷಕರು ಈಗ ಕೇಳಿಸಿಕೊಳ್ಳಿ ಎಂದು ಹೇಳಿ ಸುಮ್ಮನಾಗುತ್ತಾರೆ? ಹಿನ್ನೆಲೆಯಲ್ಲಿ ಹಿತವಾದ ಪಿಯಾನೊ ಹಾಕುವವರೇ ಹೆಚ್ಚು.

ಕನ್ನಡಿಯ ವಿಷಯವೂ ಹೀಗೆಯೇ. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಳೆಯ ಮೇಲೆ ಕನ್ನಡ ಅಕ್ಷರ ಕೊರೆಯುವವರು ತಿರುಗುಮುರುಗಾಗಿ ಕೊರೆಯಬೇಕು. ವಿಡಿಯೊ ಕರೆಯಲ್ಲಿ ನಮ್ಮ ಮುಖ ನಮಗೆ ಸಾಮಾನ್ಯವಾಗಿ ಕನ್ನಡಿಯಲ್ಲಿದ್ದಂತೆ ಕಾಣುತ್ತದೆ, ಎದುರಿನವರಿಗೆ ಇದ್ದಂತೆ ಕಾಣುತ್ತದೆ. ಹಾಗಾಗಿ ಕೊರೆದ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದರೆ, ಕೊರೆತ ಸರಿಯಿದ್ದಲ್ಲಿ ನಿಮ್ಮ ಪರದೆಯ ಮೇಲೆ ಅಕ್ಷರ ನೆಟ್ಟಗೆ ಓದಿಸಿಕೊಳ್ಳುತ್ತದೆ. ಒತ್ತುವ ಮೊದಲೇ ಪರೀಕ್ಷೆ ಮುಗಿಯಿತು. ಪರದೆಯೊಂದೇ ಕೊಡಬಲ್ಲ ಸಲೀಸಾದ ಪಾಠ ಇದು. ಪರದೆಯನ್ನು ಪಾಠಕ್ಕೆ ಬಳಸಿದರೆ ಅದು ಸಾಧನ. ಕಾರ್ಯಾಗಾರದ ಬಡ ನಕಲಾಗಿ ಬಳಸಿದರೆ ಮಾತ್ರ ಅದು ಸೋಗು.

ಆದರೆ ವೇಗದ ವಿಡಿಯೊಗಳಿಗೆ ಕ್ಷಮೆಯಿಲ್ಲ. ಅಡುಗೆ ಕಾರ್ಯಕ್ರಮದಲ್ಲಿ ಮೊದಲೇ ಬೇಯಿಸಿಟ್ಟ ಪಾತ್ರೆಯನ್ನು ಕೆಳಗಿನಿಂದ ಎತ್ತಿ ತೋರಿಸುವಂತೆ, ಅರ್ಧ ಕೊರೆದ ಹಾಳೆ ಒಮ್ಮೆಲೇ ಪೂರ್ತಿ ಕೊರೆದದ್ದಾಗಿ ಬರುತ್ತದೆ. ನಡುವಿನ ಮೂರು ಗಂಟೆಯನ್ನು ಮೂವತ್ತು ಸೆಕೆಂಡಿಗೆ ಓಡಿಸಿರುತ್ತಾರೆ. ಕೊರೆಯುವಾಗ ಇನ್ನೊಂದು ಕೈ ಯಾವತ್ತೂ ಉಳಿಯ ಮೊನೆಯ ಹಿಂದೆ ಇರಬೇಕು, ತಿರುವು ಬಂದಾಗ ಉಳಿಯನ್ನು ಹಿಡಿದಂತೆಯೇ ಇಟ್ಟು ಹಾಳೆಯನ್ನು ತಿರುಗಿಸಬೇಕು. ಈ ಎರಡು ಮಾತು ತಿಳಿಯದೆ ಬೆರಳು ಕೊಯ್ದುಕೊಳ್ಳುವವರು ಬಹಳ. ಓಡುವ ವಿಡಿಯೊದಲ್ಲಿ ಇವೆರಡೂ ಕಾಣುವುದಿಲ್ಲ. ಎಷ್ಟು ನಿಧಾನ ಎಂಬುದೇ ಇಲ್ಲಿ ಕಲಿಯಬೇಕಾದ ಸಂಗತಿ, ಅದನ್ನೇ ಕತ್ತರಿಸಿ ಎಸೆದಿರುತ್ತಾರೆ.

ಇದಕ್ಕಿಂತ ದೊಡ್ಡ ನಷ್ಟ ಮ್ಯೂಟ್ ಬಟನ್ನಿನದು. ಪ್ಯಾರಿಸ್ಸಿನಲ್ಲಿ 1927ರಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಶುರುಮಾಡಿದ ಅತೆಲಿಯೆ 17 ಎಂಬ ಕಾರ್ಯಾಗಾರದ ಹೆಸರು ಅಚ್ಚುಕಲೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿದ ಕೃಷ್ಣಾ ರೆಡ್ಡಿ ಅಲ್ಲಿಗೆ ಹೋದರು. ತೆಳುವಾದ ಶಾಯಿ, ಗಟ್ಟಿ ಶಾಯಿ ಒಂದನ್ನೊಂದು ಒಪ್ಪಿಕೊಳ್ಳುವ, ತಳ್ಳುವ ಗುಣವನ್ನು ಬಳಸಿ ಒಂದೇ ತಗಡಿನಿಂದ ಹಲವು ಬಣ್ಣಗಳನ್ನು ಒಟ್ಟಿಗೆ ಒತ್ತುವ ವಿಧಾನ ಬೆಳೆದದ್ದು ಆ ಕಾರ್ಯಾಗಾರದಲ್ಲಿ, ಅವರೂ ಸೇರಿದಂತೆ ಹಲವರ ಕೈಯಲ್ಲಿ. ಅದು ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಂಡ ಪಾಠವಲ್ಲ. ಒಂದೇ ಪ್ರೆಸ್ಸಿನ ಸುತ್ತ ಸರದಿಗಾಗಿ ಕಾಯುತ್ತ, ಪಕ್ಕದವರ ಕೆಟ್ಟ ಪ್ರತಿಯನ್ನು ನೋಡುತ್ತ, ಇದು ಹೀಗೇಕಾಯಿತು ಎಂದು ಕೇಳುತ್ತ ಬೆಳೆದದ್ದು. ಕಾರ್ಯಾಗಾರದಲ್ಲಿ ವಿದ್ಯೆ ಮೇಲಿನಿಂದ ಇಳಿಯುವುದಕ್ಕಿಂತ ಪಕ್ಕದಿಂದ ಬರುವುದೇ ಹೆಚ್ಚು.

ಆನ್‌ಲೈನ್ ತರಗತಿಯ ಮೊದಲ ವಾಕ್ಯವೇ ದಯವಿಟ್ಟು ಎಲ್ಲರೂ ಮ್ಯೂಟ್ ಮಾಡಿಕೊಳ್ಳಿ. ನಲವತ್ತು ಜನ ನಲವತ್ತು ಡಬ್ಬಿಗಳಲ್ಲಿ ಕೂತು ಒಂದೇ ಕೈಯನ್ನು ನೋಡುತ್ತಾರೆ. ಪಕ್ಕದವರ ಹಾಳೆ ಕಾಣುವುದಿಲ್ಲ, ಅವರ ಬೈಗುಳ ಕೇಳುವುದಿಲ್ಲ. ಕೆಟ್ಟುಹೋದವರು ಕ್ಯಾಮೆರಾ ಆಫ್ ಮಾಡಿಕೊಳ್ಳುತ್ತಾರೆ. ತಾನೊಬ್ಬಳಿಗೇ ಬರಲಿಲ್ಲ ಎಂದುಕೊಂಡು ಆಕೆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುತ್ತಾಳೆ. ಆ ಹೊತ್ತಿಗೆ ಇನ್ನೂ ಹದಿನೈದು ಜನ ಹಾಗೇ ಅಂದುಕೊಂಡಿರುತ್ತಾರೆ ಎಂಬುದು ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಪ್ರತಿಭೆಯಿಲ್ಲ ಎಂದು ಯಾರೂ ಹೇಳದೆಯೇ ಒಬ್ಬರನ್ನು ನಂಬಿಸುವ ವ್ಯವಸ್ಥೆ ಇದು.

ಇನ್ನು ಕೊಲಾಜ್. ಇಲ್ಲಿ ವ್ಯಾಪಾರ ಇನ್ನಷ್ಟು ಬೆತ್ತಲೆ.

ಕೊಲಾಜ್ ಎಂದರೆ ಮೂಲದಲ್ಲಿ ಅಂಟಿಸುವುದು, ಅಷ್ಟೇ. 1912ರಲ್ಲಿ ಜಾರ್ಜ್ ಬ್ರಾಕ್ ತನ್ನ ಚಿತ್ರಕ್ಕೆ ಅಂಟಿಸಿದ ಕಾಗದ ಮರದ ಗೆರೆಗಳನ್ನು ಅನುಕರಿಸಿದ ಅಗ್ಗದ ಗೋಡೆಕಾಗದ. ಅದೇ ವರ್ಷ ಪಿಕಾಸೊ ತನ್ನ ಚಿತ್ರಕ್ಕೆ ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ್ದ ಎಣ್ಣೆಬಟ್ಟೆ ಅಂಟಿಸಿದ. ಎರಡೂ ಮನೆಬಳಕೆಯ ಸಾಮಾನು. ಕಲಾ ಸಾಮಗ್ರಿಯ ಅಂಗಡಿಯವಲ್ಲ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಬೀದಿಯಲ್ಲಿ ಬಿದ್ದ ಟಿಕೆಟ್ಟು, ಲೇಬಲ್ಲು, ಹರಿದ ಲಕೋಟೆಗಳಿಂದ ಚಿತ್ರ ಕಟ್ಟಿದ. ಬರ್ಲಿನ್ನಿನ ಹಾನಾ ಹೋಖ್ ಹೊಟ್ಟೆಪಾಡಿಗೆ ಪ್ರಕಾಶನ ಸಂಸ್ಥೆಯೊಂದರಲ್ಲಿ ಕಸೂತಿ, ಹೆಣಿಗೆಗಳ ವಿನ್ಯಾಸ ಬರೆಯುತ್ತಿದ್ದವಳು. ಪತ್ರಿಕೆಗಳಲ್ಲಿ ಬಂದ ಮಂತ್ರಿಗಳನ್ನೂ ಸೇನಾನಿಗಳನ್ನೂ ಯಂತ್ರಗಳನ್ನೂ ನರ್ತಕಿಯರನ್ನೂ ಕತ್ತರಿಸಿ, ಒಬ್ಬರ ತಲೆಯನ್ನು ಇನ್ನೊಬ್ಬರ ಮೈಗಿಟ್ಟು ಮೊದಲ ಮಹಾಯುದ್ಧದ ನಂತರದ ಜರ್ಮನಿಯ ಜಾತಕ ಬರೆದಳು. ಆ ಪ್ರಸಿದ್ಧ ಕೃತಿಯ ಹೆಸರಿನಲ್ಲೇ ಅಡುಗೆಮನೆಯ ಚಾಕು ಇದೆ. ಲೋಕ ನಮ್ಮ ಮೇಲೆ ಎಸೆದ ಕಾಗದವನ್ನು ಕತ್ತರಿಸಿ ಲೋಕಕ್ಕೆ ಮರಳಿ ಎಸೆಯುವುದು ಕೊಲಾಜ್.

ಆನ್‌ಲೈನ್ ತರಗತಿಯಲ್ಲಿ ಏನು ಸಿಗುತ್ತದೆ? ಡೌನ್‌ಲೋಡ್ ಮಾಡಿ ಮುದ್ರಿಸಿಕೊಳ್ಳಲು ಸಿದ್ಧವಾದ ಹಾಳೆಗಳು. ವಿಕ್ಟೋರಿಯನ್ ಇಂಗ್ಲೆಂಡಿನ ಗುಲಾಬಿ, ಫ್ರೆಂಚ್ ಕೈಬರಹದ ಪತ್ರ, ಗಡಿಯಾರದ ಮುಖ, ಚಿಟ್ಟೆ, ಹಳದಿಗಟ್ಟಿದಂತೆ ಬಣ್ಣ ಹಾಕಿದ ಕಾಗದ. ಯಾರದೋ ಅಜ್ಜಿಯ ಪೆಟ್ಟಿಗೆಯಿಂದ ಬಂದ ನೆನಪುಗಳನ್ನು ಹೊಸದಾಗಿ ಪ್ರಿಂಟ್ ಹಾಕಿಸಿ, ಅಂಚು ಹರಿದು, ಚಹಾದ ಕಲೆ ಮಾಡಿ ನಮ್ಮದೆಂದು ಅಂಟಿಸಬೇಕು. ಗದಗಿನ ಹುಡುಗಿ ಮಾಡಿದ ಕೊಲಾಜ್ ಗ್ಲಾಸ್ಗೋದ ಹುಡುಗಿ ಮಾಡಿದ ಕೊಲಾಜಿನಂತೆಯೇ ಇರುತ್ತದೆ. ಇದನ್ನು ಜಾಗತಿಕತೆ ಎನ್ನುವವರಿದ್ದಾರೆ. ನಾನು ಇದನ್ನು ಬಡತನ ಎನ್ನುತ್ತೇನೆ. ಮನೆ ತುಂಬ ಕಾಗದ ಇಟ್ಟುಕೊಂಡು ಕಾಗದ ಕೊಳ್ಳುವವರ ಬಡತನ.

ನಮ್ಮ ಮನೆಗಳಲ್ಲಿ ಏನಿದೆ ನೋಡಿ. ತಿಥಿ, ರಾಹುಕಾಲ ತುಂಬಿದ ಹಳೆಯ ಕ್ಯಾಲೆಂಡರು. ಆ ಚೌಕಗಳಲ್ಲಿ ಹಾಲಿನ ಲೆಕ್ಕ. ಅರಿಸಿನ ಹಚ್ಚಿದ ಲಗ್ನಪತ್ರಿಕೆ. ಯಕ್ಷಗಾನದ ಕರಪತ್ರ, ಊದುಬತ್ತಿಯ ಪೊಟ್ಟಣ, ಬೀಡಿಕಟ್ಟಿನ ಲೇಬಲ್ಲು, ಬಿತ್ತನೆ ಬೀಜದ ಚೀಲ, ಬಸ್ಸಿನ ಟಿಕೆಟ್ಟು, ನೀಟ್ ಕೋಚಿಂಗ್‌ನವರ ರ‍್ಯಾಂಕು ಪಡೆದವರ ಫೋಟೋಗಳ ಜಾಹೀರಾತು, ಚುನಾವಣೆಯಲ್ಲಿ ಬಾಗಿಲಿಗೆ ಬಂದ ಕೈಮುಗಿದ ಮುಖಗಳು. ಇವುಗಳಲ್ಲಿ ಒಂದೊಂದೂ ನಮ್ಮ ಬದುಕಿನ ಮೇಲೆ ಏನನ್ನೋ ಅಂಟಿಸಿಹೋಗಿದೆ. ಪಂಚಾಂಗದ ಚೌಕದ ಪಕ್ಕದಲ್ಲಿ ಹಾಲ್ ಟಿಕೆಟ್ಟಿನ ಫೋಟೋ ಇಟ್ಟರೆ ಅಲ್ಲೊಂದು ಮಾತು ಹುಟ್ಟುತ್ತದೆ. ಚಿಟ್ಟೆಯ ಪಕ್ಕ ಗಡಿಯಾರ ಇಟ್ಟರೆ ಹುಟ್ಟುವುದು ಶುಭಾಶಯ ಪತ್ರ. ಕತ್ತರಿ ಹಿಡಿಯುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಯಾವ ಕಾಗದವನ್ನು ಏಕೆ ಕತ್ತರಿಸಬೇಕು ಎಂಬುದೇ ಕಲಿಕೆ. ಆ ಪ್ರಶ್ನೆಯನ್ನೇ ಹಾಳೆ ಮಾರುವವರು ನಮ್ಮ ಪರವಾಗಿ ಉತ್ತರಿಸಿ ಕೊಟ್ಟಿರುತ್ತಾರೆ.

ಪೆಟ್ಟಿಗೆಯ ಇನ್ನೊಂದು ಅನ್ಯಾಯ ಹವೆಯದು. ನೀರಿನ ಶಾಯಿ ರಾಯಚೂರಿನ ಏಪ್ರಿಲ್‌ನಲ್ಲಿ ಗಾಜಿನ ಮೇಲೇ ಒಣಗಿ ಕೂರುತ್ತದೆ. ಎಣ್ಣೆಯ ಶಾಯಿ ಕರಾವಳಿಯ ಆಷಾಢದಲ್ಲಿ ದಿನಗಟ್ಟಲೆ ಆರುವುದಿಲ್ಲ. ಚಳಿದೇಶದ ಶಿಕ್ಷಕರು ಲಿನೋಲಿಯಂ ಮೆತ್ತಗಾಗಲು ಹೇರ್ ಡ್ರೈಯರ್ ಹಿಡಿಯಿರಿ ಎನ್ನುತ್ತಾರೆ; ನಮಗೆ ಅಂಗಳದ ಬಿಸಿಲು ಸಾಕು. ಕಾಗದಕ್ಕೆ ನಾರಿನ ದಿಕ್ಕಿದೆ, ಅಂಟು ಹಚ್ಚಿದಾಗ ಅದು ಆ ದಿಕ್ಕಿಗೆ ಅಡ್ಡಲಾಗಿ ಹಿಗ್ಗುತ್ತದೆ, ಆದ್ದರಿಂದಲೇ ಕೊಲಾಜ್ ಒಣಗಿದ ಮೇಲೆ ಹಪ್ಪಳದಂತೆ ಸುರುಳುತ್ತದೆ. ಎರಡು ದಿಕ್ಕಿಗೂ ಮೆಲ್ಲಗೆ ಬಾಗಿಸಿ ಯಾವ ಕಡೆ ಸುಲಭವಾಗಿ ಬಾಗುತ್ತದೆ ಎಂದು ನೋಡಿದರೆ ನಾರು ತಿಳಿಯುತ್ತದೆ. ಇದು ಪುಸ್ತಕ ಕಟ್ಟುವವರಿಗೆ ಗೊತ್ತು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಬರುವುದಿಲ್ಲ, ಆದರೆ ಅದು ವಿಷ, ಮಕ್ಕಳ ಕೈಗೆ ಕೊಡಬಾರದು ಎಂಬುದೂ ಅವರಿಗೆ ಗೊತ್ತು. ನಮ್ಮ ಊರಿನಲ್ಲೇ ಇರುವ ಈ ತಿಳಿವಳಿಕೆಯನ್ನು ಕೇಳದೆ ಹೊರಗಿನಿಂದ ಬಂದ ಅಂಟಿನ ಬಾಟಲಿಯ ಮೇಲಿನ ಸೂಚನೆ ಓದುತ್ತ ಕೂರುತ್ತೇವೆ.

ಕಣ್ಣಿಗಷ್ಟೇ ಕಲಿಸುವ ಪರದೆಯಲ್ಲಿ ಕೊಲಾಜ್ ಬಗ್ಗೆ ಮಾತಾಡುವಾಗ ಒಬ್ಬರನ್ನು ನೆನೆಯಲೇಬೇಕು. ಶಾಂತಿನಿಕೇತನದ ಬಿನೋದ್‌ಬಿಹಾರಿ ಮುಖರ್ಜಿ ಶಸ್ತ್ರಚಿಕಿತ್ಸೆಯೊಂದರ ನಂತರ ಐವತ್ತರ ದಶಕದ ಕೊನೆಯ ಹೊತ್ತಿಗೆ ಪೂರ್ತಿ ಕಣ್ಣು ಕಳೆದುಕೊಂಡರು. ಆಮೇಲೆ ಅವರು ಮಾಡಿದ ಕೆಲಸಗಳಲ್ಲಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಕೊಲಾಜ್‌ಗಳು ಮುಖ್ಯ. ಬೆರಳು ಕಾಗದದ ಅಂಚನ್ನು ಮುಟ್ಟಿ ನೋಡುತ್ತಿತ್ತು, ಬಣ್ಣ ನೆನಪಿನಲ್ಲಿತ್ತು. ಅವರ ಮೇಲೆ ಸತ್ಯಜಿತ್ ರೇ 1972ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರಿನ ಅರ್ಥ ಒಳಗಣ್ಣು. ಕೊಲಾಜ್ ಮೊದಲಿಗೆ ಬೆರಳಿನ ವಿದ್ಯೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆನ್‌ಲೈನ್ ಶಿಕ್ಷಕರು ಎಲ್ಲರೂ ಐದು ನಿಮಿಷ ಕಣ್ಣು ಮುಚ್ಚಿ ಕೈಯಲ್ಲಿರುವ ನಾಲ್ಕು ಕಾಗದಗಳನ್ನು ಮುಟ್ಟಿ, ಒರಟು ಯಾವುದು ನಯ ಯಾವುದು ಹೇಳಿ ಎನ್ನಬಹುದು. ಇದಕ್ಕೆ ಇಂಟರ್ನೆಟ್ಟಿನ ವೇಗವೂ ಬೇಡ. ಆದರೆ ಆ ಐದು ನಿಮಿಷ ಪರದೆ ಖಾಲಿಯಿರುತ್ತದೆ. ಖಾಲಿ ಪರದೆಗೆ ಈ ವ್ಯಾಪಾರ ಹೆದರುತ್ತದೆ.

ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ವಾರವಿಡೀ ದುಡಿದು ದಣಿದವರು ಭಾನುವಾರ ಎರಡು ಗಂಟೆ ಸಂತೋಷವಾಗಿರಲು ಬರುತ್ತಾರೆ, ಅವರಿಗೇಕೆ ಇಷ್ಟು ಪಾಠ ಎಂಬ ಆಕ್ಷೇಪ. ಸಂತೋಷಕ್ಕೆ ನನ್ನ ವಿರೋಧವಿಲ್ಲ. ಎರಡು ಗಂಟೆಯ ಸಂತೋಷ ಎಂದೇ ಹೆಸರಿಟ್ಟು ಮಾರಲಿ. ಪ್ರಮಾಣಪತ್ರ ಕೊಟ್ಟು ಕಲಿಕೆ ಎನ್ನದಿರಲಿ. ಅದಕ್ಕಿಂತ ಮುಖ್ಯವಾಗಿ, ದಣಿದವರಿಗೆ ಕಡಿಮೆಯದು ಸಾಕು ಎಂದು ನಿರ್ಧರಿಸಿದವರು ಯಾರು? ಐದನೆಯ ಪ್ರತಿ ಸರಿಬಂದಾಗ ಆಗುವ ಸಂತೋಷವನ್ನು ಅವರಿಂದ ಮುಚ್ಚಿಟ್ಟು, ಮೊದಲನೆಯದರ ಅದೃಷ್ಟವನ್ನೇ ಸಂತೋಷ ಎಂದು ಕೊಡುವುದು ದಯೆಯಲ್ಲ.

ಬಹುಪ್ರತಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಚರಿತ್ರೆಯ ಕಾರಣವೂ ಇದೆ. ದಂಡಿಯಾತ್ರೆಯ 1930ರಲ್ಲಿ ನಂದಲಾಲ್ ಬೋಸ್ ಕೋಲು ಹಿಡಿದು ನಡೆಯುವ ಗಾಂಧಿಯನ್ನು ಲಿನೊಕಟ್ಟಿನಲ್ಲಿ ಮಾಡಿದರು. ಕಪ್ಪು ನೆಲ, ಕೆಲವೇ ಬಿಳಿ ಗೆರೆ. ಇವತ್ತಿಗೂ ಗಾಂಧಿ ಎಂದರೆ ಕಣ್ಣಿಗೆ ಬರುವ ರೂಪಗಳಲ್ಲಿ ಅದೊಂದು. ಅದೇ ವರ್ಷ ಬಂದ ಟಾಗೋರರ ಮಕ್ಕಳ ಪಠ್ಯಪುಸ್ತಕ ಸಹಜ ಪಾಠಕ್ಕೂ ಅವರದೇ ಲಿನೊಕಟ್ ಚಿತ್ರಗಳು. ಚಿತ್ತಪ್ರಸಾದ್ ಬಾಲಕಾರ್ಮಿಕರ ಮುಖಗಳನ್ನು ಲಿನೋಲಿಯಂನಲ್ಲಿ ಕೊರೆದರು. ಇವರೆಲ್ಲ ಈ ಅಗ್ಗದ ಹಾಳೆಯನ್ನು ಹಿಡಿದದ್ದು ಅದು ಬಹಳ ಜನರ ಕೈಗೆ ಹೋಗಬಲ್ಲದು ಎಂಬ ಕಾರಣಕ್ಕೆ. ಕನ್ನಡದ ಮೊದಲ ಪತ್ರಿಕೆ ಎನಿಸಿಕೊಂಡ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲಿ. ಇವತ್ತು ಲಿಥೋಗ್ರಫಿ ಎಂದು ಕಲಾಶಾಲೆಯಲ್ಲಿ ಕಲಿಸುವ ವಿದ್ಯೆಯೇ ಅದು. ಆಗ ಅದು ಸುದ್ದಿ ಹಂಚುವ ದಾರಿ. ಅಚ್ಚಿನಿಂದ ಹಂಚಿಕೆಯನ್ನು ಕಿತ್ತುಹಾಕಿದರೆ ಅದರ ಅರ್ಧ ಚರಿತ್ರೆಯನ್ನೇ ಕಿತ್ತುಹಾಕಿದಂತೆ.

ಹಾಗಾದರೆ ಏನು ಕೇಳಬೇಕು? ಮುಂದಿನ ಸಲ ದುಡ್ಡು ಕಟ್ಟುವ ಮೊದಲು ವಿದ್ಯಾರ್ಥಿಗಳು ಶಿಕ್ಷಕರನ್ನು ಕೆಲವು ಪ್ರಶ್ನೆ ಕೇಳಲಿ. ಒಂದೇ ಹಾಳೆಯಿಂದ ಎಷ್ಟು ಪ್ರತಿ ತೆಗೆಸುತ್ತೀರಿ? ಆರಕ್ಕಿಂತ ಕಡಿಮೆ ಎಂದರೆ ಬೇಡ. ಎರಡು ಗಂಟೆಯ ಒಂದು ತರಗತಿಯ ಬದಲು ಒಂದೊಂದು ಗಂಟೆಯ ನಾಲ್ಕು ವಾರ ಮಾಡುತ್ತೀರಾ? ನಡುವಿನ ದಿನಗಳಲ್ಲೇ ಕೈ ಕಲಿಯುವುದು. ತರಗತಿಯ ಆರಂಭದಲ್ಲಿ ಎಲ್ಲರೂ ತಮ್ಮ ಅತ್ಯಂತ ಕೆಟ್ಟ ಪ್ರತಿಯನ್ನು ತೋರಿಸಿ ಮಾತಾಡಲು ಮ್ಯೂಟ್ ತೆಗೆಯುತ್ತೀರಾ? ಪೆಟ್ಟಿಗೆ ಕೊಳ್ಳಲೇಬೇಕೆ, ಅಥವಾ ಊರಿನಲ್ಲಿ ಸಿಗುವ ಸಾಮಾನಿನ ಪಟ್ಟಿ ಕೊಡುತ್ತೀರಾ? ಆಮ್ಲದಲ್ಲಿ ತಗಡು ಕೊರೆಯುವ ಎಚಿಂಗ್‌ನಂಥದ್ದನ್ನು ಮನೆಯಲ್ಲಿ ಮಾಡಬೇಡಿ, ಅದಕ್ಕೆ ಕಾರ್ಯಾಗಾರವೇ ಬೇಕ��� ಎಂದು ಹೇಳುವ ಪ್ರಾಮಾಣಿಕತೆ ಇದೆಯೇ?

ಇನ್ನೊಂದು ಕೆಲಸಕ್ಕೆ ಶಿಕ್ಷಕರ ಅಪ್ಪಣೆಯೂ ಬೇಡ. ಹತ್ತು ಜನ ಸೇರಿ. ಒಬ್ಬೊಬ್ಬರೂ ಒಂದೇ ಅಳತೆಯಲ್ಲಿ, ಅಂಚೆ ಕಾರ್ಡಿನಷ್ಟು ದೊಡ್ಡದು ಸಾಕು, ಹತ್ತು ಪ್ರತಿ ತೆಗೆಯಿರಿ. ಒಂದನ್ನು ಇಟ್ಟುಕೊಂಡು ಒಂಬತ್ತನ್ನು ಒಂಬತ್ತು ಜನಕ್ಕೆ ಅಂಚೆಯಲ್ಲಿ ಕಳಿಸಿ. ಎರಡು ವಾರದಲ್ಲಿ ಪ್ರತಿಯೊಬ್ಬರ ಬಳಿಯೂ ಹತ್ತು ಊರಿನ ಹತ್ತು ಅಚ್ಚುಗಳ ಒಂದು ಕಟ್ಟು ಇರುತ್ತದೆ. ಅಚ್ಚುಗಾರರು ಬಹಳ ಕಾಲದಿಂದ ಮಾಡುತ್ತ ಬಂದಿರುವ ವಿನಿಮಯ ಇದು. ಪರದೆಯಲ್ಲಿ ಕಾಣದ ಕಾಗದದ ದಪ್ಪ, ಶಾಯಿಯ ಉಬ್ಬು, ಉಜ್ಜಿದ ಚಮಚದ ಗುರುತು ಎಲ್ಲವೂ ಆ ಕಟ್ಟಿನಲ್ಲಿ ನಿಮ್ಮ ಬೆರಳಿಗೆ ಸಿಗುತ್ತದೆ. ಪಕ್ಕದವರ ಹಾಳೆಯನ್ನು ನೋಡುವ ಕಾರ್ಯಾಗಾರ ಅಂಚೆಯ ಮೂಲಕ ನಿಮ್ಮ ಮನೆಗೆ ಬಂದಿರುತ್ತದೆ.

ಹಾಗೆಯೇ ನಿಮ್ಮ ಊರಿನಲ್ಲಿ ಲಗ್ನಪತ್ರಿಕೆ ಹಾಕುವ ಹಳೆಯ ಪ್ರೆಸ್ಸು ಇನ್ನೂ ಇದೆಯೇ ಎಂದು ವಿಚಾರಿಸಿ. ಡಿಟಿಪಿ ಬಂದ ಮೇಲೆ ಮೊಳೆಗಳನ್ನೂ ಕಾಲಿನಿಂದ ತುಳಿಯುವ ಯಂತ್ರಗಳನ್ನೂ ಬಹಳ ಮಂದಿ ತೂಕಕ್ಕೆ ಹಾಕಿದರು. ಅಲ್ಲಲ್ಲಿ ಒಬ್ಬಿಬ್ಬರು ಉಳಿದಿದ್ದಾರೆ. ಸೀಸದ ಅಕ್ಷರವನ್ನು ತಿರುಗುಮುರುಗಾಗಿ ಓದಬಲ್ಲ, ಶಾಯಿಯ ಹದವನ್ನು ಸದ್ದಿನಲ್ಲೇ ಹೇಳಬಲ್ಲ ಅವರನ್ನು ನಾವು ಯಾವತ್ತೂ ಕಲಾವಿದರು ಎನ್ನಲಿಲ್ಲ, ಕೆಲಸಗಾರರು ಎಂದೆವು. ಆನ್‌ಲೈನ್ ತರಗತಿಯಲ್ಲಿ ಕೊರೆದ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿ, ಇದನ್ನು ಒತ್ತಲು ಆಗುತ್ತದೆಯೇ ಎಂದು ಕೇಳಿ. ಆಗದಿದ್ದರೂ ಏಕೆ ಆಗುವುದಿಲ್ಲ ಎಂದು ಅವರು ಹೇಳುವ ಮಾತು ಹತ್ತು ವಿಡಿಯೊಗಳಿಗೆ ಸಮ.

ಮೊದಲ ಪ್ರತಿಯನ್ನು ಮೆಚ್ಚಿಕೊಂಡು ಫೋಟೋ ಹಾಕಿ, ತಪ್ಪೇನಿಲ್ಲ. ಆದರೆ ಉಳಿಯನ್ನು ಪೆಟ್ಟಿಗೆಗೆ ಹಾಕಬೇಡಿ, ಗಾಜಿನ ಮೇಲಿನ ಶಾಯಿಯನ್ನು ಒರೆಸಬೇಡಿ. ಇನ್ನೊಂದು ಕಾಗದ ತೆಗೆದುಕೊಳ್ಳಿ.